ಬಿ.ಎಚ್. ರಸ್ತೆಯ ಚಹಾ, ನ್ಯೂಟೌನಿನ ಚೆಂಡು

ಶಿವಮೊಗ್ಗ ಮತ್ತು ಭದ್ರಾವತಿಯ ನಡುವೆ ಇರುವುದು ಇಪ್ಪತ್ತು ಕಿಲೋಮೀಟರಿನೊಳಗಿನ ದಾರಿ. ಎರಡೂ ಊರುಗಳ ಮುಖ್ಯ ಬೀದಿಗೆ ಹೆಸರು ಒಂದೇ, ಬಿ.ಎಚ್. ರಸ್ತೆ. ಬೆಂಗಳೂರಿನಿಂದ ಹೊರಟು ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ಬೀರೂರು, ತರೀಕೆರೆ ಹಾಯ್ದು ಇಲ್ಲಿಗೆ ಬಂದು, ಸಾಗರದ ಮೇಲೆ ಘಟ್ಟ ಇಳಿದು ಹೊನ್ನಾವರದ ಕಡಲು ಮುಟ್ಟುವ ರಸ್ತೆ ಇದು. ತುಮಕೂರಿನಿಂದಾಚೆಗೆ ಇದು ಸರ್ಕಾರದ ದಾಖಲೆಗಳಲ್ಲಿ ಬಹುಕಾಲ ರಾಷ್ಟ್ರೀಯ ಹೆದ್ದಾರಿ 206 ಆಗಿತ್ತು, ಈಗ ಈ ಭಾಗಕ್ಕೆ 69ರ ಸಂಖ್ಯೆ. ಇದರ ಮೇಲೆ ಮೂವತ್ತು ನಲವತ್ತು ವರ್ಷ ಸ್ಟೇರಿಂಗ್ ಹಿಡಿದವರು ಮಾತ್ರ ಸಂಖ್ಯೆ ಹೇಳುವುದಿಲ್ಲ. ಅವರಿಗೆ ರಸ್ತೆ ಎಂದರೆ ಊರಿನ ಹೆಸರುಗಳ ಸಾಲು, ಊರಿಗೊಂದು ಹೋಟೆಲು, ಹೋಟೆಲಿಗೊಬ್ಬ ಯಜಮಾನ.

1960, 70ರ ದಶಕಗಳಲ್ಲಿ ಕ್ಲೀನರ್ ಆಗಿ ಗಾಡಿ ಹತ್ತಿದವರಿಗೆ ಈಗ ಎಪ್ಪತ್ತು ದಾಟಿದೆ. ಮಂಡಿ ನೋವು, ಸೊಂಟ ನೋವು, ಬಲಗಿವಿ ಮಂದ. ಸಂಜೆಯಾದರೆ ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನ ಗ್ಯಾರೇಜುಗಳ ಎದುರಿನ ಬೆಂಚುಗಳಲ್ಲೋ ಭದ್ರಾವತಿಯ ರಂಗಪ್ಪ ವೃತ್ತದ ಸುತ್ತಲಿನ ಚಹಾದಂಗಡಿಗಳಲ್ಲೋ ಇಂಥವರು ಸಿಗುತ್ತಾರೆ. ಇವರನ್ನು ಮಾತಿಗೆಳೆದರೆ ಮೊದಲು ಬರುವುದು ಘಾಟಿ, ಆಮೇಲೆ ಹೋಟೆಲು. ಭದ್ರಾವತಿಯವರಾದರೆ ಮೂರನೆಯದಾಗಿ ಕಾರ್ಖಾನೆಯ ಮೈದಾನ ಬಂದೇ ಬರುತ್ತದೆ. ಘಾಟಿ, ಹೋಟೆಲು, ಮೈದಾನ ಒಂದೇ ಉಸಿರಿನಲ್ಲಿ ಬರುವುದಕ್ಕೆ ಕಾರಣವಿದೆ, ಮೂರನ್ನೂ ಸಾಕಿದ್ದು ಒಂದೇ ಲೋಡು.

ಆ ಲೋಡು ಹುಟ್ಟಿದ್ದು ಭದ್ರಾವತಿಯಲ್ಲಿ. ಬೆಂಕಿಪುರ ಎಂದು ಕರೆಸಿಕೊಳ್ಳುತ್ತಿದ್ದ ಊರಿನಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1918ರಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಶುರುವಾಯಿತು. 1923ರಲ್ಲಿ ಬೀಡುಕಬ್ಬಿಣ ಹೊರಬಂತು. ಕಲ್ಲಿದ್ದಲಿಲ್ಲದ ನಾಡಿನಲ್ಲಿ ಕುಲುಮೆ ಉರಿದದ್ದು ಮಲೆನಾಡಿನ ಕಾಡಿನ ಇದ್ದಿಲಿನಿಂದ. ಅದಿರು ಬಂದದ್ದು ಕೆಮ್ಮಣ್ಣುಗುಂಡಿಯಿಂದ. ಮೊದಮೊದಲು ರೋಪ್‌ವೇ, ಟ್ರಾಮ್ ಗಾಡಿ, ಎತ್ತಿನ ಗಾಡಿಗಳು ಮಾಡುತ್ತಿದ್ದ ಕೆಲಸವನ್ನು ಲಾರಿಗಳು ನಿಧಾನವಾಗಿ ಕೈಗೆತ್ತಿಕೊಂಡವು. ಮುಂದೆ ಕಾರ್ಖಾನೆ ಉಕ್ಕು ಮಾಡಿತು, ಸಿಮೆಂಟು ಮಾಡಿತು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು, ಊರಿನ ಜನ ಎಂಪಿಎಂ ಎಂದೇ ಕರೆದರು. ಬಿದಿರು, ನೀಲಗಿರಿ, ಅಕೇಶಿಯಾ ತುಂಬಿದ ಲಾರಿಗಳು ಒಳಗೆ ಹೋಗುತ್ತಿದ್ದವು, ಕಾಗದದ ರೀಲು ಹೇರಿದ ಲಾರಿಗಳು ಹೊರಗೆ ಬರುತ್ತಿದ್ದವು. ಭಾನುವಾರದ ಪುರವಣಿಗಳನ್ನು ಕನ್ನಡಿಗರು ಎಷ್ಟೋ ವರ್ಷ ಓದಿದ್ದು ಭದ್ರಾವತಿಯ ನ್ಯೂಸ್‌ಪ್ರಿಂಟಿನ ಮೇಲೆ. ಆ ರೀಲುಗಳು ಮಳೆಯಲ್ಲಿ ಒಂದು ಹನಿಯೂ ತಾಗದೆ ಬೆಂಗಳೂರು ಮುಟ್ಟಬೇಕಿತ್ತು. ಟಾರ್ಪಾಲು ಬಿಗಿಯುವುದನ್ನು ಕ್ಲೀನರ್ ಹುಡುಗರು ಕಲಿತದ್ದೇ ಕಾಗದದ ಲೋಡಿನಲ್ಲಿ ಎಂಬುದು ಆ ತಲೆಮಾರಿನವರ ಹೆಮ್ಮೆ.

ಶಿವಮೊಗ್ಗದ ಲೋಡು ಬೇರೆ ಬಗೆಯದು. ಅದು ಅಡಿಕೆಯ ಪೇಟೆ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡವಾದ ಅಡಿಕೆ ಇಲ್ಲಿಂದ ಉತ್ತರ ಭಾರತದ ಪೇಟೆಗಳಿಗೆ ಹೋಗುತ್ತದೆ. ನಾಗಪುರ, ಇಂದೋರ್, ದೆಹಲಿ, ಕಾನ್ಪುರ ಎಂಬ ಹೆಸರುಗಳು ಮಲೆನಾಡಿನ ಮನೆಗಳಿಗೆ ಪರಿಚಯವಾದದ್ದು ಅಡಿಕೆ ಲಾರಿಗಳಿಂದ. ಕಬ್ಬಿಣದ ಲೋಡು ಗಾಡಿಯ ಪಟ್ಟಾ ಮುರಿಯುತ್ತದೆ, ಅಡಿಕೆಯ ಲೋಡು ಚಾಲಕನ ನಿದ್ದೆ ಕೆಡಿಸುತ್ತದೆ. ಒಂದೊಂದು ಚೀಲಕ್ಕೂ ದೊಡ್ಡ ಬೆಲೆ, ದಾರಿ ಕೆಲವೊಮ್ಮೆ ಸಾವಿರದ ಐನೂರು ಕಿಲೋಮೀಟರಿಗೂ ಮೀರಿದ್ದು, ಭಾಷೆ ಬಾರದ ಊರುಗಳು. ಅಡಿಕೆ ಲೋಡು ಕೊಡುತ್ತಿದ್ದದ್ದು ನಂಬಿಗಸ್ತರಿಗೆ ಮಾತ್ರ. ಇಂದಿಗೂ ಹಳೆಯ ಚಾಲಕರೊಬ್ಬರನ್ನು ಇನ್ನೊಬ್ಬರು ಹೊಗಳುವಾಗ, ಅವನಿಗೆ ಅಡಿಕೆ ಲೋಡು ಕೊಡುತ್ತಿದ್ದರು ಎಂದರೆ ಅದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಡ.

ಗಾಡಿಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಟೆಲ್ಕೊ ಕಂಪನಿ ಜರ್ಮನಿಯ ಡೈಮ್ಲರ್-ಬೆನ್ಜ್ ಜೊತೆ ಸೇರಿ 1954ರಿಂದ ಲಾರಿ ತಯಾರಿಸಿತು. ಹದಿನೈದು ವರ್ಷ ಆ ಲಾರಿಗಳ ಮೂತಿಯ ಮೇಲೆ ಬೆನ್ಜ್ ನಕ್ಷತ್ರವಿತ್ತು. ಅದಾದ ಮೇಲೆ ಟಾಟಾದ ಗುರುತು ಬಂತು, ಆದರೂ ಬೆನ್ಜ್ ಗಾಡಿ ಎಂಬ ಹೆಸರು ಜನರ ಬಾಯಲ್ಲಿ ಉಳಿಯಿತು. ಇನ್ನೊಂದು ಬದಿಯಲ್ಲಿ ಮದ್ರಾಸಿನ ಅಶೋಕ್ ಲೇಲ್ಯಾಂಡಿನ ಕಾಮೆಟ್. ಪವರ್ ಸ್ಟೇರಿಂಗ್ ಇರಲಿಲ್ಲ. ತಿರುವಿನಲ್ಲಿ ಸ್ಟೇರಿಂಗ್ ತಿರುಗಿಸಲು ಭುಜದ ಬಲ ಸಾಲದೆ ಎದ್ದು ನಿಂತು ಎಳೆಯಬೇಕಿತ್ತು. ಎಂಜಿನ್ನಿನ ಕಾವು ನೇರ ಕಾಲಿಗೆ ಬಡಿಯುತ್ತಿತ್ತು. 2025ರ ಅಕ್ಟೋಬರ್ 1ರ ನಂತರ ತಯಾರಾಗುವ ಮಧ್ಯಮ ಮತ್ತು ಭಾರೀ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯ ಎಂಬ ನಿಯಮ ಬಂದಿದೆ. ಒಳ್ಳೆಯ ನಿಯಮ. ಅರ್ಧ ಶತಮಾನ ತಡವಾಯಿತು ಎಂದು ಹಿರಿಯರು ಹೇಳಿದರೆ ಅದರಲ್ಲಿ ಅತಿಶಯವಿಲ್ಲ.

ಶಿವಮೊಗ್ಗದಿಂದ ಪಡುವಣಕ್ಕೆ ಹೋಗುವ ಯಾವ ಲಾರಿಯೂ ಘಟ್ಟ ಇಳಿಯದೆ ಕಡಲು ಕಾಣುವುದಿಲ್ಲ. ತೀರ್ಥಹಳ್ಳಿಯ ಮೇಲೆ ಹೋದರೆ ಆಗುಂಬೆ, ಹೊಸನಗರದ ಮೇಲೆ ಹೋದರೆ ಹುಲಿಕಲ್, ಸಾಗರದ ಮೇಲೆ ಹೋದರೆ ಗೇರುಸೊಪ್ಪೆ. ಆಗುಂಬೆಯಲ್ಲಿ ಹದಿನಾಲ್ಕು ಹಿಮ್ಮುರಿ ತಿರುವುಗಳು, ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೀರುವ ಮಳೆ. ಆ ಕಿರಿದಾದ ತಿರುವುಗಳು ಭಾರದ ಗಾಡಿಗೆ ಒಗ್ಗುವುದಿಲ್ಲವಾಗಿ ಲೋಡಿನವರು ಹಿಡಿಯುತ್ತಿದ್ದದ್ದು ಹುಲಿಕಲ್ ದಾರಿ. ಅಲ್ಲಿ ಚಂಡಿಕಾಂಬೆಯ ಗುಡಿಯ ಮುಂದೆ ಗಾಡಿ ನಿಲ್ಲಿಸಿ, ಕಾಯಿ ಒಡೆದು ಹೊರಡುವುದು ರೂಢಿ. ಹಿಂದೂ, ಮುಸ್ಲಿಂ, ಕ್ರೈಸ್ತ ಎಂದು ನೋಡದೆ ಎಲ್ಲ ಚಾಲಕರೂ ಅಲ್ಲಿ ಕಾಲು ಊರುತ್ತಿದ್ದರು. ಏರುವಾಗ ಕ್ಲೀನರ್ ಗಾಡಿಯಿಂದ ಇಳಿದು ಹಿಂದೆ ಹಿಂದೆ ನಡೆಯುತ್ತಿದ್ದ. ಗಾಡಿ ನಿಂತ ಕೂಡಲೇ ಗಾಲಿಗೆ ಕಲ್ಲು ಕೊಡುವುದು ಅವನ ಕೆಲಸ. ಒಂದು ಕ್ಷಣ ತಡವಾದರೂ ಹತ್ತು ಟನ್ ಹಿಂದಕ್ಕೆ ಜಾರುತ್ತದೆ. ಕರಾವಳಿಯಿಂದ ಹಂಚು, ಉಪ್ಪು, ಒಣಮೀನು ಮೇಲಕ್ಕೆ ಬರುತ್ತಿದ್ದವು. ಮಲೆನಾಡಿನ ಹಳೆಯ ಮನೆಗಳ ಮಾಡಿಗೆ ಹೊದಿಸಿದ ಮಂಗಳೂರು, ಕುಂದಾಪುರದ ಹಂಚುಗಳು ಹೆಚ್ಚಿನವು ಹೀಗೆ ಲಾರಿಯಲ್ಲಿ, ಹುಲ್ಲಿನ ಹಾಸಿನ ಮೇಲೆ, ಮೊದಲ ಗೇರಿನಲ್ಲಿ ತೆವಳುತ್ತ ಘಟ್ಟ ಹತ್ತಿದವು.

ಘಾಟಿ ಹತ್ತಿ ಬಂದ ಗಾಡಿಗೆ ನೀರು ಬೇಕು, ಮನುಷ್ಯನಿಗೆ ಚಹಾ ಬೇಕು. ಹೋಟೆಲುಗಳ ಕತೆ ಶುರುವಾಗುವುದು ಇಲ್ಲಿಂದ.

ಊರೊಳಗಿನ ಹೋಟೆಲು ಬೇರೆ, ದಾರಿಯ ಹೋಟೆಲು ಬೇರೆ. ಶಿವಮೊಗ್ಗದ ಬಿ.ಎಚ್. ರಸ್ತೆಯ ಮೀನಾಕ್ಷಿ ಭವನದಂಥ ಜಾಗಕ್ಕೆ ಸ್ನಾನ ಮಾಡಿ ಶರ್ಟು ಹಾಕಿಕೊಂಡು ಹೋಗುತ್ತಾರೆ. ದಾರಿಯ ಹೋಟೆಲಿಗೆ ಹೋಗುವುದು ಗ್ರೀಸಿನ ಕೈಯಲ್ಲಿ. ಅಲ್ಲಿ ಮೊದಲು ಬೇಕಾದದ್ದು ಗಾಡಿ ನಿಲ್ಲಿಸಲು ವಿಶಾಲ ಜಾಗ, ಎರಡನೆಯದು ನೀರಿನ ತೊಟ್ಟಿ, ಮೂರನೆಯದು ಒರಗಲು ಬೆಂಚೋ ಮಂಚವೋ. ಊಟ ಆಮೇಲಿನ ಮಾತು. ಹುಲ್ಲಿನ ಮಾಡು, ಇಲ್ಲವೇ ಹಂಚಿನ ಇಳಿಜಾರು, ಹೊಗೆ ಹಿಡಿದ ಗೋಡೆ, ಗಲ್ಲಾಪೆಟ್ಟಿಗೆಯ ಮೇಲೆ ದೇವರ ಪಟ, ಹೊರಗೆ ಒಲೆ. ಭಟ್ಟರ ಹೋಟೆಲು, ಸಾಬರ ಹೋಟೆಲು, ಕಾಕಾ ಅಂಗಡಿ, ಗೌಡರ ಮಿಲ್ಟ್ರಿ ಹೋಟೆಲು ಎಂದು ಗುರುತು ಹೇಳುತ್ತಿದ್ದದ್ದು ಯಜಮಾನರ ಮೇಲೆ. ಬೋರ್ಡಿನಲ್ಲಿ ಏನು ಬರೆದಿತ್ತೆಂದು ಯಾರಿಗೂ ನೆನಪಿಲ್ಲ.

ಊಟದ ನಕ್ಷೆಯೊಂದು ಈ ಚಾಲಕರ ತಲೆಯಲ್ಲಿ ಅಚ್ಚಾಗಿದೆ. ತಿಪಟೂರು, ಅರಸೀಕೆರೆ, ಕಡೂರಿನ ಬಯಲಿನಲ್ಲಿ ರಾಗಿಮುದ್ದೆ, ಹುರುಳಿಸಾರು, ಮಿಲ್ಟ್ರಿ ಹೋಟೆಲಾದರೆ ತಲೆಮಾಂಸ, ಬೋಟಿ. ತರೀಕೆರೆ ದಾಟುತ್ತಿದ್ದಂತೆ ಮುದ್ದೆ ಹಿಂದೆ ಸರಿದು ಅನ್ನ ಮುಂದೆ ಬರುತ್ತದೆ, ಅಕ್ಕಿರೊಟ್ಟಿ, ಕಡುಬು ಕಾಣಿಸಿಕೊಳ್ಳುತ್ತವೆ, ಎಲೆಯ ತುದಿಯಲ್ಲಿ ಮಾವಿನಮಿಡಿ ಉಪ್ಪಿನಕಾಯಿ. ಘಾಟಿ ಇಳಿದರೆ ಕುಚಲಕ್ಕಿ, ಮೀನುಸಾರು, ಬನ್ಸು, ಗೋಳಿಬಜೆ. ಶಿಕಾರಿಪುರದ ಮೇಲೆ ಹಾವೇರಿಯ ದಿಕ್ಕಿಗೆ ತಿರುಗಿದರೆ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಶಿವಮೊಗ್ಗ ಈ ಎಲ್ಲ ಊಟಗಳ ಕೂಡುದಾರಿ. ಮಲೆನಾಡು ಎಲ್ಲಿ ಮುಗಿದು ಬಯಲು ಎಲ್ಲಿ ಹುಟ್ಟುತ್ತದೆ ಎಂದು ಭೂಗೋಳದ ಪುಸ್ತಕ ಮಳೆಯ ಲೆಕ್ಕದಲ್ಲಿ ಹೇಳುತ್ತದೆ. ಲಾರಿಯವರು ಅದನ್ನು ತಟ್ಟೆ ನೋಡಿ ಹೇಳಬಲ್ಲರು, ಮತ್ತು ಹೆಚ್ಚು ತಪ್ಪುವುದಿಲ್ಲ.

ಊಟಕ್ಕಿಂತ ದೊಡ್ಡ ಕೆಲಸವನ್ನು ಈ ಹೋಟೆಲುಗಳು ಮಾಡಿದವು. ಎಸ್‌ಟಿಡಿ ಬೂತುಗಳು ಊರೂರಿಗೆ ಬಂದದ್ದು 1980ರ ದಶಕದ ಕೊನೆಗೆ. ಅಲ್ಲಿಯ ತನಕ ಲಾರಿ ಹೊರಟಿತೆಂದರೆ ಮನೆಗೂ ಮಾಲೀಕನಿಗೂ ಅದರ ಸುದ್ದಿ ಗೊತ್ತಾಗುತ್ತಿದ್ದದ್ದು ಎದುರು ಬರುವ ಇನ್ನೊಂದು ಲಾರಿಯಿಂದ, ಇಲ್ಲವೇ ಹೋಟೆಲಿನ ಗಲ್ಲಾದಿಂದ. ಗಾಡಿ ಕೆಟ್ಟು ನಿಂತಿದೆ, ಬಿಡಿಭಾಗ ಕಳಿಸಿ ಎಂಬ ಚೀಟಿ, ಮನೆಯಲ್ಲಿ ಹೆರಿಗೆಯಾಯಿತು ಎಂಬ ಸುದ್ದಿ, ಮಗನ ಶಾಲೆಯ ಫೀಸಿಗೆ ಇಟ್ಟ ದುಡ್ಡು, ಎಲ್ಲವೂ ಹೋಟೆಲಿನ ಯಜಮಾನರ ಕೈಯಿಂದ ಕೈಗೆ ದಾಟಿದವು. ಲೆಕ್ಕದ ಪುಸ್ತಕದಲ್ಲಿ ಚಾಲಕನ ಹೆಸರಿನ ಬದಲು ಗಾಡಿಯ ನಂಬರು ಬರೆದು ಸಾಲ ಕೊಡುತ್ತಿದ್ದರು. ತಿಂಗಳ ನಂತರ ಅದೇ ದಾರಿಯಲ್ಲಿ ಬಂದಾಗ ಸಾಲ ತೀರುತ್ತಿತ್ತು. ಬರಹದ ಕರಾರಿಲ್ಲದೆ, ಜಾಮೀನಿಲ್ಲದೆ ನಡೆದ ಈ ವ್ಯವಹಾರ ಕರ್ನಾಟಕದ ಸಾರಿಗೆ ಉದ್ಯಮವನ್ನು ಎಷ್ಟು ಎತ್ತಿ ಹಿಡಿಯಿತು ಎಂದು ಯಾವ ವರದಿಯೂ ಲೆಕ್ಕ ಹಾಕಿಲ್ಲ, ಹಾಕಬೇಕಿತ್ತು.

ಬೆಂಚಿನ ಮೇಲೆ ಕೂತವರ ಜಾತಿಯನ್ನು ಅಲ್ಲಿ ಕೇಳುವುದು ಕಷ್ಟವಿತ್ತು. ಪಟ್ಟಣಗಳ ಬ್ರಾಹ್ಮಣರ ಹೋಟೆಲುಗಳಲ್ಲಿ ಪಂಕ್ತಿಭೇದ ಇದ್ದ ಕಾಲವೂ ಇತ್ತು. ಲಾರಿ ನಿಲ್ಲುವ ಹೋಟೆಲಿಗೆ ಅದು ಹಿಡಿಸುತ್ತಿರಲಿಲ್ಲ. ಒಂದೇ ಗಾಡಿಯಲ್ಲಿ ಚಾಲಕ ಒಂದು ಮತ, ಕ್ಲೀನರ್ ಇನ್ನೊಂದು ಜಾತಿ. ರಾತ್ರಿ ಎರಡು ಗಂಟೆಗೆ ಮಳೆಯಲ್ಲಿ ತೊಯ್ದು ಬಂದವರನ್ನು ಬೇರೆ ಬೇರೆ ಕೂರಿಸಲು ಯಾರಿಗೂ ಮನಸ್ಸಾಗುತ್ತಿರಲಿಲ್ಲ, ಜಾಗವೂ ಇರುತ್ತಿರಲಿಲ್ಲ. ಮನೆಯ ಹಿತ್ತಲಿನಲ್ಲಿ ಒಲೆ ಹೂಡಿ ಗಂಡ ಸತ್ತ ಮೇಲೆ ಹೋಟೆಲು ನಡೆಸಿದ ಹೆಂಗಸರನ್ನೂ ಈ ದಾರಿ ಕಂಡಿದೆ. ಚಾಲಕರು ಅವರನ್ನು ಅಮ್ಮ ಎಂದೇ ಕರೆದರು, ಅವರ ಎದುರು ಬಾಯಿ ಸಡಿಲ ಬಿಡಲಿಲ್ಲ. ಚಂದದ ಮಾತುಗಳ ನಡುವೆ ಇನ್ನೊಂದನ್ನೂ ಮುಚ್ಚಿಡಬಾರದು. ಕುಡಿತ ಅದೇ ದಾರಿಯಲ್ಲಿತ್ತು, ರೋಗವೂ ಇತ್ತು. ಲಾರಿ ಚಾಲಕರಿಗೆಂದೇ ಎಚ್‌ಐವಿ ಜಾಗೃತಿಯ ಕಾರ್ಯಕ್ರಮಗಳನ್ನು ದೇಶದಾದ್ಯಂತ ನಡೆಸಬೇಕಾಯಿತು. ತಿಂಗಳಲ್ಲಿ ಇಪ್ಪತ್ತು ದಿನ ಗಂಡ ಮನೆಯಲ್ಲಿಲ್ಲದೆ ಮಕ್ಕಳನ್ನು ಬೆಳೆಸಿದ ಹೆಂಗಸರ ನೆನಪುಗಳನ್ನು ಕೇಳಿದರೆ ಈ ಹೋಟೆಲುಗಳ ಕತೆಗೆ ಬೇರೆ ಬಣ್ಣ ಬರುತ್ತದೆ.

ಇನ್ನು ಮೈದಾನ.

ಕಾರ್ಖಾನೆಯ ಗೇಟಿನಲ್ಲಿ ಲಾರಿ ನಿಂತ ಮೇಲೆ ಲೋಡು ಆಗುವುದು ಚಾಲಕನ ಕೈಯಲ್ಲಿಲ್ಲ. ವೇಬ್ರಿಡ್ಜಿನ ಸಾಲು, ಗೇಟ್ ಪಾಸ್, ಕ್ರೇನಿನ ಸರದಿ, ಶಿಫ್ಟ್ ಬದಲಾವಣೆ. ಬೆಳಿಗ್ಗೆ ಬಂದ ಗಾಡಿ ಸಂಜೆಗೆ, ಕೆಲವೊಮ್ಮೆ ಮರುದಿನಕ್ಕೆ ಹೊರಡುತ್ತಿತ್ತು. ಈ ಕಾಯುವ ಹೊತ್ತನ್ನು ಎಲ್ಲಿ ಕಳೆಯುವುದು? ಭದ್ರಾವತಿಯ ಉತ್ತರ ನ್ಯೂಟೌನಿನಲ್ಲಿತ್ತು. ಕಾರ್ಖಾನೆ ತನ್ನ ಕಾರ್ಮಿಕರಿಗೆ ಮನೆ, ಆಸ್ಪತ್ರೆ, ಶಾಲೆಯ ಜೊತೆಗೆ ಆಟದ ಮೈದಾನವನ್ನೂ ಕಟ್ಟಿಕೊಟ್ಟಿತ್ತು. ಎಂಪಿಎಂನ ಪೇಪರ್ ಟೌನಿನಲ್ಲೂ ಹಾಗೆಯೇ. ಮೊದಲ ಪಾಳಿ ಮುಗಿಸಿದವರು ಸಂಜೆ ಚೆಂಡು ಹಿಡಿದು ಇಳಿಯುತ್ತಿದ್ದರು. ಅಂಚಿನಲ್ಲಿ ಮಕ್ಕಳು, ನಿವೃತ್ತರು, ಕಡಲೆಕಾಯಿ, ಮಂಡಕ್ಕಿ ಮಾರುವವರು, ಅವರ ನಡುವೆ ಲೋಡಿಗೆ ಕಾಯುವ ಲಾರಿಯವರು. ಟಿಕೆಟಿಲ್ಲ, ಕಾವಲುಗಾರ ಓಡಿಸುವುದಿಲ್ಲ, ಯಾರ ಕಡೆಯವರು ಎಂದು ಕೇಳುವುದಿಲ್ಲ.

ಭದ್ರಾವತಿಗೆ ಕೆಲಸ ಹುಡುಕಿ ಬಂದವರು ಒಂದೇ ಭಾಷೆಯವರಲ್ಲ. ಕನ್ನಡದ ಜೊತೆಗೆ ತಮಿಳು, ತೆಲುಗು, ಮಲಯಾಳ, ಉರ್ದು, ಮರಾಠಿ ಮಾತನಾಡುವ ಕುಟುಂಬಗಳು ಕ್ವಾರ್ಟರ್ಸುಗಳಲ್ಲಿ ಅಕ್ಕಪಕ್ಕ ಬಾಳಿದವು. ಇಂಥ ಊರಿಗೆ ಫುಟ್‌ಬಾಲ್ ಹೇಳಿ ಮಾಡಿಸಿದ ಆಟ. ಒಂದು ಚೆಂಡು ಇದ್ದರೆ ಇಪ್ಪತ್ತೆರಡು ಜನ ಆಡಬಹುದು, ಮಳೆ ಬಂದರೂ ಆಟ ನಿಲ್ಲುವುದಿಲ್ಲ, ಕೂಗಾಡಲು ಯಾವ ಭಾಷೆಯಾದರೂ ನಡೆಯುತ್ತದೆ. ಜೂನ್, ಜುಲೈನಲ್ಲಿ ಕ್ರಿಕೆಟ್ ಬ್ಯಾಟು ಮನೆಯ ಮೂಲೆ ಸೇರಿದಾಗ ಕೆಸರಿನಲ್ಲಿ ಜಾರುತ್ತ ಬಿದ್ದು ಎದ್ದು ಆಡುವವರನ್ನು ನೋಡುವ ಸುಖವನ್ನು ಮಲೆನಾಡಿನ ಮಳೆಗಾಲ ಬಲ್ಲವರೇ ಬಲ್ಲರು. ಶೂ ಇಲ್ಲದೆ ಆಡುವುದು ಅವಮಾನವಾಗಿರಲಿಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಆಟಗಾರರಲ್ಲಿ ಬಹುಪಾಲು ಜನ ಬರಿಗಾಲಿನಲ್ಲೇ ಫ್ರಾನ್ಸ್ ವಿರುದ್ಧ ಆಡಿದರು, 1–2ರಿಂದ ಸೋತ ಆ ಪಂದ್ಯದಲ್ಲಿ ಭಾರತದ ಗೋಲು ಹೊಡೆದದ್ದು ಬೆಂಗಳೂರಿನ ಎಸ್. ರಾಮನ್.

ಮೈಸೂರು ರಾಜ್ಯ ಆ ಕಾಲದಲ್ಲಿ ಫುಟ್‌ಬಾಲಿನಲ್ಲಿ ಸಣ್ಣ ಹೆಸರಲ್ಲ. ಸಂತೋಷ್ ಟ್ರೋಫಿಯನ್ನು 1946–47ರಲ್ಲಿ, 1952–53ರಲ್ಲಿ, ಆಮೇಲೆ 1967–68 ಮತ್ತು 1968–69ರಲ್ಲಿ ಸತತವಾಗಿ ಎರಡು ಬಾರಿ ಗೆದ್ದಿತು. ಬೆಂಗಳೂರಿನಲ್ಲಿ ಐಟಿಐ, ಎಚ್‌ಎಎಲ್‌ನಂಥ ಸಾರ್ವಜನಿಕ ಉದ್ದಿಮೆಗಳ ತಂಡಗಳು ಆಟಗಾರರಿಗೆ ನೌಕರಿಯನ್ನೂ ಹೆಸರನ್ನೂ ಕೊಟ್ಟವು. ಆಡಲು ಬಂದರೆ ಹೊಟ್ಟೆಗೆ ದಾರಿ ಇದೆ ಎಂಬ ನಂಬಿಕೆ ಕಾರ್ಖಾನೆ ಊರುಗಳ ಹುಡುಗರಲ್ಲಿ ಬೇರೂರಿದ್ದು ಹೀಗೆ. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದದ್ದು 1973ರಲ್ಲಿ. ಆ ಹೆಸರಿನಲ್ಲಿ ಮೊದಲ ಸಂತೋಷ್ ಟ್ರೋಫಿ ಬರಲು 2023ರ ಮಾರ್ಚ್ 4ರ ತನಕ ಕಾಯಬೇಕಾಯಿತು. ಸೌದಿ ಅರೇಬಿಯಾದ ರಿಯಾದ್‌ನಲ್ಲಿ ನಡೆದ ಫೈನಲ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ, ಐವತ್ನಾಲ್ಕು ವರ್ಷಗಳ ಬಳಿಕ ಕಪ್ ತಂದರು.

ನಡುವಿನ ಆ ವರ್ಷಗಳಲ್ಲಿ ಮೈದಾನಗಳಿಗೆ ಏನಾಯಿತು? ಒಂದು ಉತ್ತರ ಭದ್ರಾವತಿಯ ಮಣ್ಣಿನಲ್ಲೇ ಇದೆ. 1949ರ ಫೆಬ್ರುವರಿ 12ರಂದು ಈ ಊರಿನಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥ್ 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ತಮ್ಮ ಮೊದಲ ಟೆಸ್ಟಿನಲ್ಲೇ 137 ರನ್ ಹೊಡೆದರು. ಅಡಿಕೆ ಲೋಡಿನ ಊರಾಗಿ ಗೊತ್ತಿದ್ದ ಕಾನ್ಪುರ ಭದ್ರಾವತಿಯ ಜನರ ಬಾಯಲ್ಲಿ ಇನ್ನೊಂದು ಕಾರಣಕ್ಕೆ ಬಂತು. ಊರ ಹುಡುಗನೊಬ್ಬ ದೇಶದ ಕಣ್ಮಣಿಯಾದ ಮೇಲೆ, 1983ರ ವಿಶ್ವಕಪ್ ಗೆಲುವೂ ಟಿವಿಯೂ ಸೇರಿದ ಮೇಲೆ, ಮೈದಾನ ಕ್ರಿಕೆಟಿನ ಕಡೆ ವಾಲಿದ್ದು ಸಹಜ. ಶಿವಮೊಗ್ಗದ ನವುಲೆಯಲ್ಲಿ ಕೆಎಸ್‌ಸಿಎ ಕ್ರೀಡಾಂಗಣ ಎದ್ದು ರಣಜಿ ಪಂದ್ಯಗಳೂ ನಡೆದವು. ಅದರ ಬಗ್ಗೆ ತಕರಾರಿಲ್ಲ. ತಕರಾರು ಇರುವುದು ಮೈದಾನವೇ ಇಲ್ಲವಾಗುವುದರ ಬಗ್ಗೆ. ಆಡುವ ಜಾಗಕ್ಕೆ ಬೇಲಿ ಬಿದ್ದರೆ, ಶುಲ್ಕ ಬಂದರೆ, ದಾರಿಹೋಕನೊಬ್ಬ ಅಂಚಿನಲ್ಲಿ ಕೂತು ಸಂಜೆ ಕಳೆಯುವ ಹಕ್ಕು ಯಾರಿಗೂ ತಿಳಿಯದಂತೆ ಹೋಗಿಬಿಡುತ್ತದೆ.

ಕಾರ್ಖಾನೆಯ ಗತಿಯೇ ಮೈದಾನದ ಗತಿ. ಮೈಸೂರು ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆ ವಿಶ್ವೇಶ್ವರಯ್ಯನವರ ಹೆಸರು ಹೊತ್ತು ವಿಐಎಸ್‌ಎಲ್ ಆಯಿತು, 1989ರಲ್ಲಿ ಕೇಂದ್ರ ಸರ್ಕಾರದ ಉಕ್ಕು ಸಂಸ್ಥೆ ಸೇಲ್‌ನ ಅಂಗಸಂಸ್ಥೆಯಾಯಿತು, 1998ರಲ್ಲಿ ಅದರಲ್ಲಿ ವಿಲೀನವಾಯಿತು. ಬಂಡವಾಳ ಬಾರದೆ, ಸ್ವಂತ ಅದಿರು ಗಣಿ ದಕ್ಕದೆ ವರ್ಷದಿಂದ ವರ್ಷಕ್ಕೆ ಸೊರಗಿತು. 2023ರ ಜನವರಿಯಲ್ಲಿ ಮುಚ್ಚುವ ನಿರ್ಧಾರ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕೂತರು, ಆಗಸ್ಟಿನಲ್ಲಿ ಬಾರ್ ಮಿಲ್ ಮತ್ತೆ ಚಾಲೂ ಆಯಿತು. ಶತಮಾನ ಕಂಡ ಕಾರ್ಖಾನೆ ಈಗ ಉಸಿರು ಹಿಡಿದುಕೊಂಡಿದೆ. ಎಂಪಿಎಂನ ಯಂತ್ರಗಳು 2015–16ರ ಹೊತ್ತಿಗೇ ನಿಂತವು. ಶಿವಮೊಗ್ಗದ ತುಂಗಭದ್ರಾ ಸಕ್ಕರೆ ಕಾರ್ಖಾನೆ ಅದಕ್ಕೂ ಬಹಳ ಮೊದಲೇ ಬಾಗಿಲು ಹಾಕಿತ್ತು. ಮೂರು ಗೇಟುಗಳಲ್ಲಿ ಲಾರಿಗಳ ಸಾಲು ಕರಗಿದ ಮೇಲೆ ಅವುಗಳ ಎದುರಿನ ಒಲೆಗಳು ಆರಲು ಹೆಚ್ಚು ಕಾಲ ಬೇಕಾಗಲಿಲ್ಲ.

ನಡುವೆ ಅದಿರಿನ ಕಾಲವೊಂದು ಬಂದು ಹೋಯಿತು. 2000ದ ದಶಕದಲ್ಲಿ ಬಳ್ಳಾರಿ, ಹೊಸಪೇಟೆಯ ಅದಿರು ಬಂದರುಗಳಿಗೆ ಹರಿಯುವಾಗ ರಾತ್ರಿ ಹಗಲು ಲಾರಿ ಓಡಿತು, ಘಾಟಿ ರಸ್ತೆಗಳು ಕಿತ್ತುಹೋದವು. ಜೀವಮಾನವಿಡೀ ಬೇರೆಯವರ ಗಾಡಿ ಓಡಿಸಿದವರು ಸಾಲ ಮಾಡಿ ಸ್ವಂತ ಲಾರಿ ತಂದರು. 2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತಿಗೆ ತಡೆ ಹಾಕಿತು, 2011ರಲ್ಲಿ ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ವರದಿ ಬಂತು, ಬಳ್ಳಾರಿಯ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟ್ ನಿಲ್ಲಿಸಿತು. ಅಕ್ರಮ ನಿಲ್ಲಬೇಕಿತ್ತು, ನಿಂತಿತು. ಆದರೆ ಕಂತು ಕಟ್ಟಲಾಗದೆ ಗಾಡಿ ಕಳೆದುಕೊಂಡ ಸಣ್ಣ ಮಾಲೀಕರ ಕಡೆ ಯಾರೂ ತಿರುಗಿ ನೋಡಲಿಲ್ಲ. ಈ ತಲೆಮಾರಿನ ಹಲವರ ಮುಪ್ಪು ಬಡತನದಲ್ಲಿ ಕಳೆಯುತ್ತಿರುವುದಕ್ಕೆ ಅದೂ ಒಂದು ಕಾರಣ.

ರಸ್ತೆಯೂ ಬದಲಾಯಿತು. ಕರ್ನಾಟಕದಲ್ಲಿ ಆಕ್ಟ್ರಾಯ್ 1979ರಲ್ಲೇ ರದ್ದಾಗಿತ್ತು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ವಾಣಿಜ್ಯ ತೆರಿಗೆಯ ಚೆಕ್‌ಪೋಸ್ಟುಗಳೂ ಹೋದವು. ತುಮಕೂರು–ಶಿವಮೊಗ್ಗ ಹೆದ್ದಾರಿಯನ್ನು ಚತುಷ್ಪಥ ಮಾಡುವ ಕೆಲಸದಲ್ಲಿ ದಾರಿ ಹಲವು ಊರುಗಳನ್ನು ಹೊರಗಿನಿಂದ ಬಳಸಿ ಹೋಗುತ್ತದೆ. ಲೋಡು ಬೇಗ ಮುಟ್ಟುತ್ತದೆ, ಅಪಘಾತ ಕಡಿಮೆಯಾದರೆ ಅದಕ್ಕಿಂತ ಒಳ್ಳೆಯದಿಲ್ಲ. ಈಗಿನ ಚಾಲಕನ ಕೈಯಲ್ಲಿ ಮೊಬೈಲಿದೆ, ಮಾಲೀಕ ಜಿಪಿಎಸ್‌ನಲ್ಲಿ ಗಾಡಿ ಎಲ್ಲಿದೆ ಎಂದು ನೋಡುತ್ತಾನೆ. ಹತ್ತು ನಿಮಿಷ ಹೆಚ್ಚು ನಿಂತರೆ ಫೋನು ಬರುತ್ತದೆ. ನಿಲ್ಲಲು ಸಮಯವಿಲ್ಲದವನಿಗೆ ಹೋಟೆಲಿನ ಯಜಮಾನರ ಹೆಸರು ಗೊತ್ತಾಗುವುದು ಹೇಗೆ?

ಹಿಂದಿನದೆಲ್ಲ ಚೆನ್ನಾಗಿತ್ತು ಎಂಬ ವಾದ ಇಲ್ಲಿ ಯಾರದೂ ಅಲ್ಲ. ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ಬಂದದ್ದು 1961ರಲ್ಲಿ. ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆ ದುಡಿಮೆ ಎಂದು ಅದು ಹೇಳಿತು. ಸ್ಟೇರಿಂಗ್ ಮೇಲೆ ರಾತ್ರಿಯೆಲ್ಲ ಕಳೆದ ಚಾಲಕರಿಗೆ ಆ ಕಾಯಿದೆಯ ಬೆಳಕು ತಾಗಲೇ ಇಲ್ಲ. ಪಿಂಚಣಿ ಇಲ್ಲ, ಭವಿಷ್ಯನಿಧಿ ಇಲ್ಲ, ನಿವೃತ್ತಿ ಎಂದರೆ ಕಣ್ಣು ಮಂದವಾಗಿ ಲೈಸೆನ್ಸ್ ನವೀಕರಣವಾಗದ ದಿನ. 2024ರಲ್ಲಿ ಕರ್ನಾಟಕ ಸರ್ಕಾರ ಮೋಟಾರು ಸಾರಿಗೆ ಮತ್ತು ಸಂಬಂಧಿತ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿ ಪ್ರತ್ಯೇಕ ಕಾನೂನು ತಂದಿದೆ. ಚಾಲಕರು, ಕ್ಲೀನರುಗಳು, ಗ್ಯಾರೇಜಿನ ಮೆಕ್ಯಾನಿಕ್ಕುಗಳು, ಪಂಕ್ಚರ್ ಹಾಕುವವರು ಅದರ ವ್ಯಾಪ್ತಿಗೆ ಬರುತ್ತಾರೆ. ಇದು ಬಹುಕಾಲದ ಬೇಡಿಕೆ, ಸ್ವಾಗತಿಸಬೇಕಾದದ್ದು. ಈಗಾಗಲೇ ಗಾಡಿ ಇಳಿದವರನ್ನು ಹೇಗೆ ಒಳಗೆ ತರುವುದು ಎಂಬ ಪ್ರಶ್ನೆಗೂ ಅದರಲ್ಲಿ ಜಾಗ ಸಿಗಬೇಕು. ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನ ಬೆಂಚುಗಳ ಮೇಲೆ ಕೂತಿರುವವರು ದುಡಿದದ್ದು ಕಾನೂನು ಬರುವ ಮೊದಲು ಎಂಬುದು ಅವರ ತಪ್ಪಲ್ಲ.

ಹೊಸ ಹೆದ್ದಾರಿ ಕಟ್ಟುವವರಿಗೂ ಒಂದು ಮಾತು. ತೈಲ ಕಂಪನಿಗಳು ಕೆಲವು ಬಂಕ್‌ಗಳಲ್ಲಿ ‘ಅಪ್ನಾ ಘರ್’ ಹೆಸರಿನ ವಿಶ್ರಾಂತಿ ಕೊಠಡಿಗಳನ್ನು ತೆರೆದಿವೆ. ಅದು ಬಿ.ಎಚ್. ರಸ್ತೆಯ ಉದ್ದಕ್ಕೂ ಬರಲಿ. ಮಾಚೇನಹಳ್ಳಿ, ನಿದಿಗೆಯ ಆಸುಪಾಸಿನಲ್ಲಿ ಕೈಗಾರಿಕಾ ಪ್ರದೇಶವಿದೆ, ಸೋಗಾನೆಯಲ್ಲಿ ವಿಮಾನ ನಿಲ್ದಾಣ ಬಂದಿದೆ, ಲಾರಿಗಳ ಓಡಾಟ ಇನ್ನೂ ಹೆಚ್ಚುತ್ತದೆ. ಗಾಡಿ ನಿಲ್ಲಲು ಜಾಗ, ಶೌಚಾಲಯ, ಸ್ನಾನಕ್ಕೆ ನೀರು, ಕಡಿಮೆ ಬೆಲೆಗೆ ಊಟ ಸಿಗುವ ಒಂದೆರಡು ನೆಲೆಗಳನ್ನು ಊರಿನ ಸಣ್ಣ ಹೋಟೆಲಿನವರಿಗೇ ವಹಿಸಿಕೊಡಬಹುದು. ನ್ಯೂಟೌನ್ ಮತ್ತು ಪೇಪರ್ ಟೌನಿನ ಆಟದ ಮೈದಾನಗಳನ್ನು, ಕಾರ್ಖಾನೆಗಳ ಗತಿ ಏನೇ ಆಗಲಿ, ಊರಿನ ಮಕ್ಕಳಿಗೆ ಶುಲ್ಕವಿಲ್ಲದೆ ತೆರೆದಿಡುವ ತೀರ್ಮಾನವನ್ನು ಸೇಲ್, ರಾಜ್ಯ ಸರ್ಕಾರ ಮತ್ತು ಭದ್ರಾವತಿ ನಗರಸಭೆ ಕೂಡಿ ಬರಹದಲ್ಲಿ ಮಾಡಬೇಕು. ಬಾಯಿಮಾತಿನ ಔದಾರ್ಯಕ್ಕೆ ಮೈದಾನ ಉಳಿದ ಉದಾಹರಣೆ ಕಡಿಮೆ.

ಕೊನೆಯದಾಗಿ ದಾಖಲೆಯ ಕೆಲಸ. ಕುವೆಂಪು ವಿಶ್ವವಿದ್ಯಾಲಯ ಇರುವುದು ಭದ್ರಾವತಿಗೆ ಹತ್ತಿರದ ಶಂಕರಘಟ್ಟದಲ್ಲಿ. ವಿಐಎಸ್‌ಎಲ್‌ನ ಇತಿಹಾಸ ಆಡಳಿತದ ಕಡತಗಳಲ್ಲಿ ಸಿಗುತ್ತದೆ, ಅದರ ಕಬ್ಬಿಣ ಹೊತ್ತವರ ಇತಿಹಾಸ ಸಿಗುವುದು ಇನ್ನೂ ಬದುಕಿರುವ ಕೆಲವು ನೂರು ಜನರ ಬಾಯಲ್ಲಿ ಮಾತ್ರ. ಇತಿಹಾಸ, ಪತ್ರಿಕೋದ್ಯಮ, ಕನ್ನಡ ವಿಭಾಗಗಳ ವಿದ್ಯಾರ್ಥಿಗಳು ಒಂದು ಬೇಸಿಗೆ ರಜೆಯನ್ನು ಇದಕ್ಕೆ ಕೊಟ್ಟರೆ ಸಾಕು. ಓದುಗರ ಮನೆಯಲ್ಲೋ ಬೀದಿಯಲ್ಲೋ ಲಾರಿ ಓಡಿಸಿದ ಹಿರಿಯರಿದ್ದರೆ ವಿಶ್ವವಿದ್ಯಾಲಯಕ್ಕೆ ಕಾಯಬೇಡಿ. ಮೊಬೈಲಿನ ರೆಕಾರ್ಡರ್ ಹಾಕಿ ಎದುರಿಗೆ ಕೂರಿ. ಯಾವ ಗಾಡಿ, ಯಾವ ಲೋಡು, ಯಾವ ಘಾಟಿ, ಯಾವ ಹೋಟೆಲು, ಯಾವ ಮೈದಾನದಲ್ಲಿ ಯಾರ ಆಟ ನೋಡಿದಿರಿ ಎಂದು ಕೇಳಿ. ಇಸವಿ ನೆನಪಿಲ್ಲದಿದ್ದರೆ ಆಗ ಡೀಸೆಲ್ ಬೆಲೆ ಎಷ್ಟಿತ್ತೆಂದು ಕೇಳಿ, ಅದು ಖಂಡಿತ ನೆನಪಿರುತ್ತದೆ.